ಚಿಕ್ಕ ಮಕ್ಕಳ ಜೊತೆ ಥೀಮ್ ಪಾರ್ಕ್: ಅರ್ಧ ನೋಡಿ ಬರುವ ಪ್ಲಾನ್

ಟಿಕೆಟ್ ಬುಕ್ ಮಾಡುವ ಮುಂಚೆ ಅಳತೆ ಟೇಪ್ ಹುಡುಕಿ. ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಒಂದು ಪುಸ್ತಕ ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆ ಗುರುತು ನೆಲದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ ಅನ್ನುವುದರಲ್ಲೇ ನಿಮ್ಮ ಪ್ರವಾಸದ ಅರ್ಧ ತೀರ್ಮಾನ ಆಗಿಬಿಡುತ್ತದೆ. ಉಳಿದರ್ಧ ಮಗುವಿನ ಮಧ್ಯಾಹ್ನದ ನಿದ್ದೆಯ ಕೈಯಲ್ಲಿದೆ.

ಇವೆರಡನ್ನೂ ಲೆಕ್ಕಕ್ಕೆ ತಗೊಳ್ಳದೆ, "ಇಷ್ಟು ದುಡ್ಡು ಕೊಟ್ಟಿದ್ದೀವಿ, ಒಂದೂ ಬಿಡಬಾರದು" ಅಂತ ಹೊರಟವರನ್ನು ಯಾವ ಪಾರ್ಕಿನಲ್ಲಾದರೂ ಸಂಜೆ ನಾಲ್ಕರ ಹೊತ್ತಿಗೆ ಸುಲಭವಾಗಿ ಗುರುತಿಸಬಹುದು. ಮಗು ದಾರಿ ಮಧ್ಯೆ ಬಿದ್ದು ಹೊರಳಾಡುತ್ತಿರುತ್ತದೆ. ಒಬ್ಬರು ಫೋನಿನಲ್ಲಿ ಮ್ಯಾಪ್ ತಿರುಗಿಸುತ್ತಿರುತ್ತಾರೆ, ಇನ್ನೊಬ್ಬರು ಹಲ್ಲು ಕಚ್ಚಿಕೊಂಡು "ಎದ್ದೇಳು" ಅನ್ನುತ್ತಿರುತ್ತಾರೆ. ಆರು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಪಾರ್ಕಿನ ಅರ್ಧ ಮಾತ್ರ ನೋಡುತ್ತೇವೆ ಅಂತ ಮೊದಲೇ ನಿರ್ಧಾರ ಮಾಡಿಕೊಂಡು ಹೊರಡುವುದೇ ಒಳ್ಳೆಯದು. ಆ ಅರ್ಧ ಯಾವುದು, ಅದನ್ನು ಹೇಗೆ ನೋಡುವುದು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಎತ್ತರದ ಲೆಕ್ಕ

ಥೀಮ್ ಪಾರ್ಕಿನಲ್ಲಿ ರೈಡ್ ಹತ್ತಲು ಬಿಡುವುದು ಬಹುತೇಕ ಎತ್ತರ ನೋಡಿ. ಕ್ಯೂ ಶುರುವಾಗುವ ಜಾಗದಲ್ಲೇ ಅಳತೆ ಕೋಲು ನಿಲ್ಲಿಸಿರುತ್ತಾರೆ. ರೈಡ್ ಹತ್ತುವ ಮುಂಚೆ ಒಳಗೆ ಇನ್ನೊಮ್ಮೆ ಅಳೆಯುವುದೂ ಉಂಟು.

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕನ್ನೇ ತಗೊಳ್ಳಿ. ಅಲ್ಲಿ ಮಕ್ಕಳಿಗೆಂದೇ ಇರುವ ಪುಟ್ಟ ರೋಲರ್ ಕೋಸ್ಟರ್ ಬಾರ್ನ್‌ಸ್ಟಾರ್ಮರ್‌ಗೆ 89 ಸೆಂ.ಮೀ. ಇರಬೇಕು. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್‌ಗೆ 97, ಸ್ಪೇಸ್ ಮೌಂಟನ್‌ಗೆ 112. ಆದರೆ ಡಂಬೋ ಆನೆ, ಕುದುರೆಗಳ ಕ್ಯಾರೊಸೆಲ್, ದೋಣಿಯಲ್ಲಿ ಕೂತು ಬೊಂಬೆಗಳನ್ನು ನೋಡುವ ಇಟ್ಸ್ ಅ ಸ್ಮಾಲ್ ವರ್ಲ್ಡ್, ಇವಕ್ಕೆಲ್ಲ ಎತ್ತರದ ನಿಯಮವೇ ಇಲ್ಲ. ಕಂಕುಳಲ್ಲಿರುವ ಕೂಸನ್ನೂ ಕರೆದುಕೊಂಡು ಹೋಗಬಹುದು.

ಒಂದೇ ಹೆಸರಿನ ರೈಡ್ ಎಲ್ಲ ಊರಲ್ಲೂ ಒಂದೇ ಅಂದುಕೊಳ್ಳಬೇಡಿ. ಫ್ಲೋರಿಡಾದಲ್ಲಿ 112 ಕೇಳುವ ಸ್ಪೇಸ್ ಮೌಂಟನ್‌ಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 102 ಸಾಕು. ಪ್ಯಾರಿಸ್‌ನಲ್ಲಿರುವ ಅದರ ತಮ್ಮ ಇನ್ನೂ ಜೋರು, ಅದಕ್ಕೆ 120 ಬೇಕು. ಹಾಗಾಗಿ ನೀವು ಹೋಗುವ ಪಾರ್ಕಿನದೇ ವೆಬ್‌ಸೈಟ್ ಅಥವಾ ಆ್ಯಪ್ ತೆರೆದು ನೋಡಿ. ರೈಡ್‌ಗಳನ್ನು ಎತ್ತರದ ಪ್ರಕಾರ ಸೋಸಿ ತೋರಿಸುವ ಸೌಲಭ್ಯ ಎಷ್ಟೋ ಪಾರ್ಕುಗಳ ಆ್ಯಪ್‌ಗಳಲ್ಲಿ ಇರುತ್ತದೆ.

ಒಂದು ಸೆಂಟಿಮೀಟರ್ ಕಡಿಮೆ ಇದ್ದರೆ ಏನಾಗುತ್ತೆ ಅಂತ ದಪ್ಪ ಅಟ್ಟೆಯ ಶೂ ಹಾಕಿಸುವವರು, ಶೂ ಒಳಗೆ ಕಾಗದ ತುರುಕುವವರು ಇದ್ದಾರೆ. ಖಂಡಿತ ಬೇಡ. ತೊಡೆಯ ಮೇಲೆ ಬಂದು ಕೂರುವ ಕಂಬಿ ಒಂದು ಅಳತೆಯ ಮೈಯನ್ನು ಹಿಡಿದಿಡಲು ಮಾಡಿದ್ದು. ಅದಕ್ಕಿಂತ ಚಿಕ್ಕ ಮೈ ಆದರೆ ಕಂಬಿಗೂ ಹೊಟ್ಟೆಗೂ ನಡುವೆ ಜಾಗ ಉಳಿಯುತ್ತದೆ. ಗಾಡಿ ತಟ್ಟನೆ ತಿರುಗಿದಾಗ ಮಗು ಅದರಿಂದ ಜಾರಬಹುದು. ಅಳತೆ ನೋಡುವ ಸಿಬ್ಬಂದಿ ಬಿಡಲಿಲ್ಲ ಅಂತ ಅವರ ಜೊತೆ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ.

ಅಳತೆ ಆದ ಮೇಲೆ ಮೂರು ಪಟ್ಟಿ ಮಾಡಿ. ಎಲ್ಲರೂ ಒಟ್ಟಿಗೆ ಹತ್ತಬಹುದಾದ ರೈಡ್‌ಗಳು, ದೊಡ್ಡ ಮಗುವಿಗೆ ಮಾತ್ರ ಆಗುವಂಥವು, ದೊಡ್ಡವರಿಗೆ ಮಾತ್ರ ಆಗುವಂಥವು. ಮೊದಲ ಪಟ್ಟಿಯಲ್ಲಿ ಏಳೆಂಟು ರೈಡ್ ಇದ್ದರೆ ಒಂದು ದಿನಕ್ಕೆ ಧಾರಾಳ. ಎರಡೋ ಮೂರೋ ಮಾತ್ರ ಇದ್ದರೆ ಆ ಪಾರ್ಕನ್ನು ಎರಡು ವರ್ಷ ಬಿಟ್ಟು ನೋಡಿದರಾಯಿತು. ಹತ್ತಲಾಗದ ರೈಡ್‌ಗಳ ಹೆಸರನ್ನು ಮಗುವಿನ ಮುಂದೆ ಎತ್ತಲೇಬೇಡಿ. ಗೊತ್ತಿಲ್ಲದ್ದಕ್ಕೆ ಯಾರೂ ಹಠ ಮಾಡುವುದಿಲ್ಲ.

ಯಾವ ಪಾರ್ಕ್

ಹೆಸರು ದೊಡ್ಡದಾದಷ್ಟೂ ಮಕ್ಕಳಿಗೆ ಖುಷಿ ಜಾಸ್ತಿ ಅಂತೇನಿಲ್ಲ. ಮೂರು ವರ್ಷದ ಮಗುವಿಗೆ ಪಾರ್ಕಿನ ಬ್ರ್ಯಾಂಡ್ ಗೊತ್ತಿರುವುದಿಲ್ಲ. ಅದಕ್ಕೆ ನೀರು, ಬಾತುಕೋಳಿ, ಪುಟ್ಟ ರೈಲು, ಒತ್ತಿದರೆ ಸದ್ದು ಮಾಡುವ ಗುಂಡಿ ಇದ್ದರೆ ಸಾಕು.

ಲೆಗೋಲ್ಯಾಂಡ್ ಪಾರ್ಕುಗಳು 2ರಿಂದ 12 ವರ್ಷದ ಮಕ್ಕಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ಮೊದಲನೆಯದು ಶುರುವಾಗಿದ್ದು 1968ರಲ್ಲಿ, ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ. ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾದ ಲೆಗೋಲ್ಯಾಂಡ್‌ಗಳಲ್ಲಿ 3ರಿಂದ 5 ವರ್ಷದವರಿಗೆ ಪ್ರತ್ಯೇಕ ಕಾರು ಓಡಿಸುವ ಶಾಲೆಯೇ ಇದೆ. ಫ್ಲೋರಿಡಾದ ವಿಂಟರ್ ಹೇವನ್‌ನಲ್ಲಿ ಲೆಗೋಲ್ಯಾಂಡ್ ಪಕ್ಕದಲ್ಲೇ 2022ರಲ್ಲಿ ಟೀವಿ ಕಾರ್ಟೂನ್ ಪೆಪ್ಪಾ ಪಿಗ್ ಹೆಸರಿನ ಪಾರ್ಕ್ ಬಂತು. ಅದು ಪೂರ್ತಿಯಾಗಿ ಇನ್ನೂ ಶಾಲೆಗೆ ಸೇರದ ಮಕ್ಕಳಿಗೇ.

ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ಪಾರ್ಕಿನಲ್ಲಿ 1952ರಿಂದಲೂ ಒಂದು ಕಥೆಗಳ ಕಾಡಿದೆ. ಮರಗಳ ನಡುವೆ ನಡೆದು ಹೋಗುತ್ತಿದ್ದರೆ ಒಂದೊಂದು ತಿರುವಿನಲ್ಲೂ ಒಂದು ಜಾನಪದ ಕಥೆಯ ದೃಶ್ಯ ಸಿಗುತ್ತದೆ. ಅಲ್ಲಿ ಹೊಲ್ಲೆ ಬೊಲ್ಲೆ ಖೈಸ್ ಅಂತ ಒಂದು ಗುಂಡು ಮೊಗದ ಕಸದ ಡಬ್ಬಿ ಉಂಟು. "ಪೇಪರ್ ಇಲ್ಲಿ ಹಾಕಿ" ಅಂತ ಅದು ಡಚ್ ಭಾಷೆಯಲ್ಲಿ ಕರೆಯುತ್ತಲೇ ಇರುತ್ತದೆ. ಕಾಗದದ ಚೂರನ್ನು ಬಾಯಿಯ ಹತ್ತಿರ ಹಿಡಿದರೆ ಸೊರಕ್ ಅಂತ ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತದೆ. ಮಕ್ಕಳು ಕಾಗದಕ್ಕಾಗಿ ದಾರಿಯೆಲ್ಲಾ ಹುಡುಕುತ್ತಾರೆ, ಸಿಗದಿದ್ದರೆ ಅಪ್ಪ ಅಮ್ಮನ ಜೇಬಿಗೇ ಕೈ ಹಾಕುತ್ತಾರೆ. ಇದಕ್ಕೆ ಎತ್ತರದ ನಿಯಮವೂ ಇಲ್ಲ, ಬೇರೆ ಟಿಕೆಟ್ಟೂ ಇಲ್ಲ. ಪಾರ್ಕ್ ಆರಿಸುವಾಗ ಇಂಥದ್ದು ಎಷ್ಟಿದೆ ಅಂತ ನೋಡಿ.

ದಿನ ಮತ್ತು ಟಿಕೆಟ್

ವಯಸ್ಸಿನ ಗೆರೆ ಒಂದೊಂದು ಪಾರ್ಕಿಗೆ ಒಂದೊಂದು. ಡಿಸ್ನಿ ವರ್ಲ್ಡ್‌ನಲ್ಲಿ 3 ವರ್ಷ ತುಂಬದ ಮಗುವಿಗೆ ಪ್ರವೇಶ ಉಚಿತ, 3ರಿಂದ 9ರವರೆಗೆ ಮಕ್ಕಳ ಟಿಕೆಟ್, 10 ಆಯಿತೆಂದರೆ ದೊಡ್ಡವರ ಲೆಕ್ಕ. ಟೋಕಿಯೊ ಡಿಸ್ನಿಲ್ಯಾಂಡ್‌ನಲ್ಲಿ ಮಕ್ಕಳ ಟಿಕೆಟ್ ಶುರುವಾಗುವುದು 4 ವರ್ಷಕ್ಕೆ. ಮಗುವಿನ ಹುಟ್ಟುಹಬ್ಬ ಹತ್ತಿರದಲ್ಲಿದ್ದರೆ ಪ್ರವಾಸವನ್ನು ಅದರ ಹಿಂದಿನ ವಾರಕ್ಕೆ ಹಾಕಿಕೊಂಡರೆ ಒಂದು ಟಿಕೆಟ್ ಉಳಿಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಮಕ್ಕಳು ಇನ್ನೂ ಶಾಲೆಗೆ ಸೇರಿಲ್ಲವಾದರೆ ನಿಮ್ಮ ಕೈಯಲ್ಲಿ ದೊಡ್ಡ ಅನುಕೂಲ ಇದೆ. ಶಾಲೆಗಳು ನಡೆಯುತ್ತಿರುವಾಗ, ವಾರದ ನಡುವಿನ ದಿನ ಹೋಗಿ. ನಿಮ್ಮ ಊರಿನ ರಜೆ ಅಲ್ಲ, ಪಾರ್ಕ್ ಇರುವ ದೇಶದ ರಜೆ ನೋಡಬೇಕು. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್ ರಜೆ ಇರುತ್ತದೆ. ಇದು ಗೊತ್ತಿಲ್ಲದೆ ಹೋದವರು ಜನರ ಬೆನ್ನು ನೋಡಿಕೊಂಡು ಬರಬೇಕಾಗುತ್ತದೆ.

ಹವೆಯನ್ನೂ ನೋಡಿಕೊಳ್ಳಿ. ಫ್ಲೋರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಮಾಮೂಲು. ಮಿಂಚು ಬಂದರೆ ಹೊರಗಿನ ರೈಡ್‌ಗಳನ್ನೆಲ್ಲ ನಿಲ್ಲಿಸಿಬಿಡುತ್ತಾರೆ. ಅಂಥ ತಿಂಗಳಲ್ಲಿ ಬಯಲಿನ ರೈಡ್‌ಗಳನ್ನು ಬೆಳಗ್ಗೆಯೇ ಮುಗಿಸಿ, ಸೂರಿನ ಕೆಳಗಿನವನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಇನ್ನೊಂದು ಮಾತು. ರಿಪೇರಿಗೆ ಮುಚ್ಚಿರುವ ರೈಡ್‌ಗಳ ಪಟ್ಟಿಯನ್ನು ಪಾರ್ಕುಗಳು ತಮ್ಮ ಕ್ಯಾಲೆಂಡರ್‌ನಲ್ಲಿ ಮೊದಲೇ ಹಾಕುತ್ತವೆ. ಮಗುವಿನ ತಲೆಯಲ್ಲಿ ಒಂದೇ ಒಂದು ರೈಡ್ ಕೂತಿದ್ದರೆ ಅದು ಆ ದಿನ ಓಡುತ್ತದೋ ಇಲ್ಲವೋ ಅಂತ ನೋಡಿಯೇ ದಿನ ಗೊತ್ತು ಮಾಡಿ.

ದೂರದಿಂದ ವಿಮಾನದಲ್ಲಿ ಬರುತ್ತಿದ್ದರೆ ಇಳಿದ ಮರುದಿನವೇ ಪಾರ್ಕ್ ಬೇಡ. ಒಂದು ದಿನ ಸುಮ್ನೆ ಹೋಟೆಲಿನಲ್ಲಿರಿ. ಎರಡು ದಿನ ಪಾರ್ಕ್ ಇದ್ದರೆ ನಡುವೆ ಒಂದು ದಿನ ಖಾಲಿ ಬಿಡಿ.

ಮನೆಯಲ್ಲೇ ಮಾಡುವ ತಯಾರಿ

ಹೋಗುವ ರೈಡ್‌ಗಳ ವಿಡಿಯೊ ಆನ್‌ಲೈನಿನಲ್ಲಿ ಸಿಗುತ್ತದೆ. ರೈಡಿನಲ್ಲಿ ಕೂತವರ ಕಣ್ಣಿಗೆ ಕಾಣುವ ಹಾಗೆ ತೆಗೆದಿರುತ್ತಾರೆ. ಮಗುವಿನ ಜೊತೆ ಕೂತು ನೋಡಿ. "ಇಲ್ಲಿ ಕತ್ತಲೆ ಬರುತ್ತೆ, ಆಮೇಲೆ ಹಡಗು ಬರುತ್ತೆ" ಅಂತ ಮುಂಚೆಯೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಪೂರ್ತಿ ವಿಡಿಯೊ ನೋಡಿದರೆ ಮಜಾ ಹೋಗುತ್ತೆ ಅನ್ನುವುದು ದೊಡ್ಡವರ ಚಿಂತೆ. ಚಿಕ್ಕ ಮಕ್ಕಳಿಗೆ ಗೊತ್ತಿರುವುದೇ ಮಜಾ, ಒಂದೇ ಕಥೆಯನ್ನು ದಿನಾ ಕೇಳುವುದಿಲ್ಲವಾ?

ವೇಷ ಹಾಕಿದ ದೊಡ್ಡ ತಲೆಯ ಪಾತ್ರಗಳ ಬಗ್ಗೆಯೂ ಹೇಳಿ. ಟೀವಿಯಲ್ಲಿ ಅಂಗೈಯಷ್ಟಿದ್ದ ಇಲಿ ಎದುರಿಗೆ ಆಳೆತ್ತರ ನಿಂತಾಗ ಮಗು ಕಿರುಚುವುದು ಸಹಜ.

ಕ್ಯೂ ಅಂದರೆ ಏನು ಅಂತಲೂ ಆಟದಲ್ಲೇ ಕಲಿಸಬಹುದು. ಸೋಫಾ ಮುಂದೆ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರದೇ ಸರದಿ ಬರುವ ಆಟ ಆಡಿಸಿ.

ಬ್ಯಾಗು, ಸ್ಟ್ರಾಲರ್

ಮನೆಯಲ್ಲಿ ಸ್ಟ್ರಾಲರ್ (ಮಗುವನ್ನು ಕೂರಿಸಿ ತಳ್ಳುವ ಬಂಡಿ) ಬಿಟ್ಟು ವರ್ಷವಾಗಿದ್ದರೂ ನಾಲ್ಕೈದು ವರ್ಷದ ಮಗುವಿಗೂ ಪಾರ್ಕಿನಲ್ಲಿ ಸ್ಟ್ರಾಲರ್ ಬೇಕು. ದೊಡ್ಡ ಪಾರ್ಕಿನಲ್ಲಿ ದಿನವಿಡೀ ಓಡಾಡಿದರೆ ಹತ್ತು ಕಿಲೋಮೀಟರ್ ನಡಿಗೆ ಆಗಿಯೇ ಹೋಗುತ್ತದೆ, ಅಷ್ಟು ದೂರ ಎತ್ತಿಕೊಳ್ಳುವವರು ಯಾರು?

ಪಾರ್ಕಿನಲ್ಲೇ ಬಾಡಿಗೆಗೆ ಸಿಗುವವು ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್‌ನವು. ಬೆನ್ನು ಹಿಂದಕ್ಕೆ ಬಾಗದ ಕಾರಣ ಮಲಗಲು ಆಗುವುದಿಲ್ಲ, ಗೇಟಿನ ಹೊರಗೆ ತರಲೂ ಬಿಡುವುದಿಲ್ಲ. ಗೇಟಿನಿಂದ ಗಾಡಿಯವರೆಗೆ ಮಲಗಿದ ಮಗುವನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಮಡಚುವ ಸ್ವಂತದ್ದೇ ಇದ್ದರೆ ಒಳ್ಳೆಯದು. ಅಳತೆ ಮಾತ್ರ ನೋಡಿಕೊಳ್ಳಿ. 2019ರ ಮೇ ತಿಂಗಳಿಂದ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 79 ಸೆಂ.ಮೀ.ಗಿಂತ ಅಗಲದ, 132 ಸೆಂ.ಮೀ.ಗಿಂತ ಉದ್ದದ ಸ್ಟ್ರಾಲರ್ ಬಿಡುವುದಿಲ್ಲ. ಎಳೆದುಕೊಂಡು ಹೋಗುವ ವ್ಯಾಗನ್‌ಗಳಿಗೂ ಪ್ರವೇಶವಿಲ್ಲ.

ರೈಡಿನ ಹೊರಗೆ ಸ್ಟ್ರಾಲರ್ ನಿಲ್ಲಿಸುವ ಜಾಗ ಇರುತ್ತದೆ. ನೀವು ಒಳಗೆ ಹೋಗಿ ಬರುವಷ್ಟರಲ್ಲಿ ಸಿಬ್ಬಂದಿ ಸಾಲು ಸರಿಮಾಡಲು ಅದನ್ನು ಬೇರೆ ಕಡೆ ಸರಿಸಿರುತ್ತಾರೆ. ಒಂದೇ ಬಣ್ಣದ ನೂರಾರು ಸ್ಟ್ರಾಲರ್‌ಗಳ ನಡುವೆ ನಿಮ್ಮದು ಸಿಗಬೇಕಾದರೆ ಹಿಡಿಗೆ ಎದ್ದು ಕಾಣುವ ಬಣ್ಣದ ರಿಬ್ಬನ್ ಕಟ್ಟಿ. ಪರ್ಸು, ಪಾಸ್‌ಪೋರ್ಟು, ಕ್ಯಾಮೆರಾ ಅದರಲ್ಲಿ ಬಿಟ್ಟು ಹೋಗಬೇಡಿ.

ಬ್ಯಾಗಿನಲ್ಲಿ ಡೈಪರು, ಒದ್ದೆ ಟಿಶ್ಯೂ, ಇಡೀ ಒಂದು ಜೊತೆ ಬಟ್ಟೆ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರು, ತೆಳ್ಳನೆಯ ರೈನ್‌ಕೋಟು, ಟೋಪಿ, ನೀರಿನ ಬಾಟಲಿ, ಪವರ್ ಬ್ಯಾಂಕ್ ಇರಲಿ. ನೀರಾಟದ ಜಾಗ ಇದ್ದರೆ ಈಜುವ ಡೈಪರ್ ಬೇರೆಯೇ ಬೇಕು. ಸನ್‌ಸ್ಕ್ರೀನನ್ನು ಹೊರಡುವ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ಕ್ರೀಮಿಗಿಂತ ನೆರಳು, ಟೋಪಿ, ಪೂರ್ತಿ ತೋಳಿನ ತೆಳು ಬಟ್ಟೆಯೇ ಸರಿ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಹೊರಗಿನ ತಿಂಡಿ ಬಿಡುತ್ತಾರೋ ಇಲ್ಲವೋ ಅನ್ನುವುದು ಪಾರ್ಕಿನಿಂದ ಪಾರ್ಕಿಗೆ ಬದಲಾಗುತ್ತದೆ. ಬಿಡದ ಕಡೆಯೂ ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ತಕರಾರು ಇರುವುದಿಲ್ಲ, ಆದರೂ ಮುಂಚೆಯೇ ಕೇಳಿಕೊಳ್ಳಿ.

ಇನ್ನೆರಡು ಸಣ್ಣ ವಸ್ತುಗಳನ್ನು ಮರೆಯಬೇಡಿ. ಒಂದು, ಮಕ್ಕಳ ಕಿವಿ ಮುಚ್ಚುವ ಇಯರ್‌ಮಫ್. ಪಟಾಕಿ ಪ್ರದರ್ಶನಕ್ಕೂ ಸದ್ದಿನ ರೈಡ್‌ಗಳಿಗೂ ಬೇಕಾಗುತ್ತದೆ. ಇನ್ನೊಂದು, ಆಫೀಸಿನಲ್ಲಿ ಬಳಸುವ ಅಂಟು ಚೀಟಿ. ಪಾರ್ಕಿನ ಟಾಯ್ಲೆಟ್‌ಗಳು ಎಷ್ಟೋ ಕಡೆ ತಾವಾಗಿಯೇ ಫ್ಲಶ್ ಆಗುವಂಥವು. ಮಗು ಕೂತಿರುವಾಗಲೇ ಕೆಳಗೆ ಭರ್ ಅಂತ ನೀರು ನುಗ್ಗಿದರೆ ಹೆದರಿ ಜಿಗಿದುಬಿಡುತ್ತದೆ. ಆಮೇಲೆ ದಿನಪೂರ್ತಿ ಟಾಯ್ಲೆಟ್ ಬೇಡ ಅಂತ ಹಿಡಿದುಕೊಂಡಿರುತ್ತದೆ, ಕೊನೆಗೆ ಕ್ಯೂನಲ್ಲಿ ಚಡ್ಡಿ ಒದ್ದೆ. ಕೂರಿಸುವ ಮುಂಚೆ ಹಿಂದಿರುವ ಸೆನ್ಸರ್ ಕಣ್ಣಿನ ಮೇಲೆ ಒಂದು ಚೀಟಿ ಅಂಟಿಸಿ, ಎಲ್ಲ ಮುಗಿದು ಮಗು ಹೊರಗೆ ಹೋದ ಮೇಲೆ ತೆಗೆದರಾಯಿತು.

ಬೆಳಗಿನ ಮೊದಲ ಗಂಟೆ

ಚಿಕ್ಕ ಮಕ್ಕಳು ಹೇಗೂ ಬೆಳಗ್ಗೆ ಬೇಗ ಏಳುತ್ತಾರೆ. ಪಾರ್ಕಿನಲ್ಲಿ ಕ್ಯೂ ಅತಿ ಕಡಿಮೆ ಇರುವುದೂ ಬಾಗಿಲು ತೆರೆದ ಮೊದಲ ಒಂದು ಗಂಟೆಯಲ್ಲೇ. ಇದನ್ನು ಬಿಟ್ಟರೆ ಆ ಅನುಕೂಲ ಆ ದಿನ ಮತ್ತೆ ಸಿಗುವುದಿಲ್ಲ. ತೆರೆಯುವ ಸಮಯಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಗೇಟಿನ ಹತ್ತಿರ ಇರಿ.

ಗೇಟಿನ ಹತ್ತಿರ ಅಂದೆ, ಪಾರ್ಕಿಂಗ್ ಹತ್ತಿರ ಅಲ್ಲ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದರೆ ಕಾರು ನಿಲ್ಲಿಸಿದ ಮೇಲೆ ಫೆರಿ ದೋಣಿಯನ್ನೋ ಮಾನೊರೈಲನ್ನೋ ಹತ್ತಿ ಕೆರೆಯ ಆಚೆ ದಡಕ್ಕೆ ಹೋಗಬೇಕು. ಅದಕ್ಕೂ ಮುಂಚೆ ಬ್ಯಾಗ್ ತಪಾಸಣೆ ಬೇರೆ. ಈ ಹೊತ್ತನ್ನೆಲ್ಲ ಸೇರಿಸಿ ಲೆಕ್ಕ ಹಾಕಿ.

ಒಳಗೆ ಹೋದ ತಕ್ಷಣ ಅಂಗಡಿಗಳ ಬೀದಿಯಲ್ಲಿ ನಿಲ್ಲಬೇಡಿ. ಅದು ಸಂಜೆಯೂ ಅಲ್ಲೇ ಇರುತ್ತದೆ. ನೇರ ಹೋಗಿ, ನಿಮ್ಮ ಮೊದಲ ಪಟ್ಟಿಯಲ್ಲಿ ಕ್ಯೂ ಅತಿ ಉದ್ದ ಆಗುವ ರೈಡ್ ಹತ್ತಿ. ಅದು ತೀರಾ ಜೋರಿನದಾಗಿದ್ದರೆ ಮಾತ್ರ ಬೇಡ. ದಿನದ ಮೊದಲ ರೈಡಿನಲ್ಲೇ ಮಗು ಹೆದರಿದರೆ ಉಳಿದವಕ್ಕೆಲ್ಲ ತಲೆ ಅಲ್ಲಾಡಿಸುತ್ತದೆ.

ಕ್ಯೂನಲ್ಲಿ

ಮಗು ಎಷ್ಟು ಹೊತ್ತು ಕಾಯಬಲ್ಲದು ಅನ್ನುವುದು ನಿಮಗೇ ಗೊತ್ತು. ನನ್ನ ಪ್ರಕಾರ ಮೂರು ವರ್ಷದ ಮಗುವಿಗೆ ಇಪ್ಪತ್ತು ನಿಮಿಷ ಮಿತಿ. ಆ್ಯಪ್‌ನಲ್ಲಿ ಕಾಯುವ ಸಮಯ ಅದಕ್ಕಿಂತ ಜಾಸ್ತಿ ತೋರಿಸಿದರೆ ಬಿಟ್ಟುಬಿಡಿ, ಮೆರವಣಿಗೆ ನಡೆಯುವಾಗ ಅಥವಾ ಪಾರ್ಕ್ ಮುಚ್ಚುವ ಹೊತ್ತಿಗೆ ಮತ್ತೆ ನೋಡಿ. ಜನ ಆಗ ಬೇರೆ ಕಡೆ ಇರುತ್ತಾರೆ.

ಕ್ಯೂ ಸೇರುವ ಮುಂಚೆ ಟಾಯ್ಲೆಟ್. ಮಗು ಬೇಡ ಅಂದರೂ ಕರೆದುಕೊಂಡು ಹೋಗಿ. ಒಳಗೆ ನಿಂತ ಮೇಲೆ ತಿಂಡಿ ಡಬ್ಬಿ ತೆಗೆಯಿರಿ. ಮಗುವಿನ ಊಟ ತಿಂಡಿಯ ಅರ್ಧ ಕ್ಯೂನಲ್ಲೇ ಮುಗಿದರೆ ಎರಡು ಲಾಭ, ಬಾಯಿಗೂ ಕೆಲಸ, ಹೊತ್ತೂ ಹೋಗುತ್ತದೆ. ಫೋನ್ ಕೊಡುವುದನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ.

ಕ್ಯೂ ತಪ್ಪಿಸುವ ದುಡ್ಡಿನ ದಾರಿಯೂ ಇದೆ. ಅಮೆರಿಕದ ಡಿಸ್ನಿಯಲ್ಲಿ ಲೈಟ್ನಿಂಗ್ ಲೇನ್, ಯೂನಿವರ್ಸಲ್ ಪಾರ್ಕುಗಳಲ್ಲಿ ಎಕ್ಸ್‌ಪ್ರೆಸ್ ಪಾಸ್. ಚಿಕ್ಕ ಮಕ್ಕಳಷ್ಟೇ ಇದ್ದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಅದರಿಂದ ಹೆಚ್ಚು ಹೊತ್ತು ಉಳಿಯುವುದು ದೊಡ್ಡವರ ರೈಡ್‌ಗಳಲ್ಲಿ, ಅವಕ್ಕೆ ನಿಮ್ಮ ಮಗುವಿನ ಎತ್ತರ ಸಾಲದು. ನಿಮ್ಮ ಮೊದಲ ಪಟ್ಟಿಯ ಎಷ್ಟು ರೈಡ್ ಆ ಪಾಸಿನಲ್ಲಿ ಬರುತ್ತವೆ ಅಂತ ಎಣಿಸಿ ನೋಡಿ, ಆಮೇಲೆ ಯೋಚಿಸಿ.

ದುಡ್ಡಿಲ್ಲದ ಇನ್ನೊಂದು ಸೌಲಭ್ಯ ಇದೆ. ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಇದರ ಹೆಸರು ರೈಡರ್ ಸ್ವಿಚ್, ಪ್ಯಾರಿಸ್‌ನಲ್ಲಿ ಬೇಬಿ ಸ್ವಿಚ್, ಯೂನಿವರ್ಸಲ್‌ನಲ್ಲಿ ಚೈಲ್ಡ್ ಸ್ವಾಪ್. ಮಗುವಿಗೆ ಎತ್ತರ ಸಾಲದ ರೈಡಿಗೆ ಅಪ್ಪ ಅಮ್ಮ ಇಬ್ಬರೂ ಹೋಗಬೇಕು ಅಂದರೆ ಎಲ್ಲರೂ ಒಟ್ಟಿಗೆ ಬಾಗಿಲಲ್ಲಿರುವ ಸಿಬ್ಬಂದಿಯ ಹತ್ತಿರ ಹೋಗಿ ಹೇಳಿ. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಇರುತ್ತಾರೆ. ಆಮೇಲೆ ಎರಡನೆಯವರು ಮತ್ತೆ ಕ್ಯೂ ಪೂರ್ತಿ ನಿಲ್ಲದೆ ಹೋಗಬಹುದು. ದೊಡ್ಡ ಮಗು ಇದ್ದರೆ ಅದು ಎರಡು ಸಲವೂ ಹತ್ತಬಹುದಾ ಅಂತ ಕೇಳಿ ನೋಡಿ, ಒಪ್ಪುವ ಕಡೆ ಆ ಮಗುವಿಗೆ ಡಬ್ಬಲ್ ಹಬ್ಬ. ಮಗುವನ್ನು ನೋಡಿಕೊಳ್ಳುವವರು ಮಾತ್ರ ಬಾಗಿಲಲ್ಲಿ ಸುಮ್ನೆ ನಿಂತಿರಬೇಡಿ, ಪಕ್ಕದ ಆಟದ ಜಾಗಕ್ಕೆ ಹೋಗಿ. "ಅಪ್ಪ ಎಲ್ಲಿ, ನಾನ್ಯಾಕೆ ಹೋಗಬಾರದು" ಅನ್ನುವ ಪ್ರಶ್ನೆ ತಪ್ಪುತ್ತದೆ.

ಆಟಿಸಂನಂಥ ಕಾರಣಕ್ಕೆ ಉದ್ದನೆಯ ಕ್ಯೂನಲ್ಲಿ ನಿಲ್ಲಲು ಆಗದ ಮಕ್ಕಳಿಗೆ ದೊಡ್ಡ ಪಾರ್ಕುಗಳಲ್ಲಿ ಬೇರೆ ವ್ಯವಸ್ಥೆ ಇರುತ್ತದೆ. ಅಮೆರಿಕದ ಡಿಸ್ನಿಯಲ್ಲಿ ಇದಕ್ಕೆ ಹೋಗುವ ಮುಂಚೆಯೇ ವಿಡಿಯೊ ಕರೆಯಲ್ಲಿ ಮಾತಾಡಿ ನೋಂದಾಯಿಸಬೇಕು. ಅಲ್ಲಿ ಹೋದ ಮೇಲೆ ನೋಡೋಣ ಅಂತ ಬಿಡಬೇಡಿ.

ಮಧ್ಯಾಹ್ನದ ನಿದ್ದೆ

ಇಡೀ ಪ್ಲಾನಿನಲ್ಲಿ ಜನ ಮೊದಲು ಕತ್ತರಿ ಹಾಕುವುದು ಇದಕ್ಕೇ, ಕೊನೆಗೆ ಪೆಟ್ಟು ತಿನ್ನುವುದೂ ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 1–2 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, 3–4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಪಾರ್ಕಿಗೆ ಬಂದ ದಿನ ಮಗು ಎಂದಿಗಿಂತ ಬೇಗ ಎದ್ದಿರುತ್ತದೆ, ಎಂದಿಗಿಂತ ಜಾಸ್ತಿ ನಡೆದಿರುತ್ತದೆ, ಸದ್ದು ಬೆಳಕು ಬೇರೆ. ಅಂಥ ದಿನವೇ ನಿದ್ದೆ ತಪ್ಪಿಸಿದರೆ ಹೇಗೆ?

ಹೋಟೆಲ್ ಹತ್ತಿರದಲ್ಲಿದ್ದರೆ ಊಟದ ಹೊತ್ತಿಗೆ ಹೊರಟುಬಿಡಿ. ಕ್ಯೂಗಳು ಅತಿ ಉದ್ದ ಇರುವುದೂ, ಬಿಸಿಲು ಚುರುಗುಟ್ಟುವುದೂ ಆಗಲೇ. ರೂಮಿನಲ್ಲಿ ಪರದೆ ಎಳೆದು ಎರಡು ಗಂಟೆ ಮಲಗಿಸಿ, ನೀವೂ ಕಾಲು ಚಾಚಿ. ನಾಲ್ಕೂವರೆ ಐದಕ್ಕೆ ವಾಪಸ್ ಬಂದರೆ ಮಗು ಹೊಸ ಮಗುವಾಗಿರುತ್ತದೆ. ಹೊರಗೆ ಹೋಗುವ ಮುಂಚೆ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡುತ್ತಾರಾ ಅಂತ ಗೇಟಿನಲ್ಲಿ ಕೇಳಿಕೊಳ್ಳಿ. ಪಾರ್ಕಿನ ಟಿಕೆಟ್ ಖರ್ಚಿನಲ್ಲಿ ಸ್ವಲ್ಪ ಕಡಿತ ಮಾಡಿಯಾದರೂ ಹೋಟೆಲನ್ನು ಹತ್ತಿರದಲ್ಲೇ ಹಿಡಿಯಿರಿ ಅನ್ನುವುದು ನನ್ನ ಸಲಹೆ. ದೂರದ ಅಗ್ಗದ ರೂಮಿನಲ್ಲಿ ಉಳಿದ ದುಡ್ಡು ಮಧ್ಯಾಹ್ನ ಉಪಯೋಗಕ್ಕೆ ಬರುವುದಿಲ್ಲ.

ಹೋಟೆಲ್ ದೂರ ಆದರೆ ಸ್ಟ್ರಾಲರ್‌ನಲ್ಲೇ ಮಲಗಿಸಬೇಕಾಗುತ್ತದೆ. ಮಂದ ಬೆಳಕಿನ, ಎ.ಸಿ. ಇರುವ, ನಿಧಾನಕ್ಕೆ ನಡೆಯುವ ಪ್ರದರ್ಶನವೊಂದನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ. ಸ್ಟ್ರಾಲರ್ ಮೇಲೆ ದಪ್ಪ ಬಟ್ಟೆ ಹೊದಿಸಿ ಪೂರ್ತಿ ಮುಚ್ಚಬೇಡಿ, ಒಳಗೆ ಗಾಳಿಯಾಡದೆ ಸೆಕೆ ಏರುತ್ತದೆ. ಡಿಸ್ನಿ ಪಾರ್ಕುಗಳಲ್ಲಿ ಬೇಬಿ ಸೆಂಟರ್ ಇರುತ್ತದೆ. ಹಾಲೂಡಿಸಲು, ಡೈಪರ್ ಬದಲಿಸಲು, ಮಗುವಿಗೆ ತಿನ್ನಿಸಲು ತಂಪಾದ ಶಾಂತ ಜಾಗ. ಬೆಳಗ್ಗೆಯೇ ಮ್ಯಾಪಿನಲ್ಲಿ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.

ಹೆದರಿಕೆ, ಹಠ

ಮಗು ರೈಡ್ ಬಾಗಿಲಿನವರೆಗೆ ಬಂದು "ಬೇಡ" ಅಂದರೆ ಬೇಡ. ಅರ್ಧ ಗಂಟೆ ನಿಂತಿದ್ದೀವಲ್ಲ ಅಂತ ಎತ್ತಿ ಕೂರಿಸಬೇಡಿ. ರೈಡ್‌ಗಳಿಗೆ ಕೊನೇ ಗಳಿಗೆಯಲ್ಲಿ ಹೊರಗೆ ಹೋಗುವ ದಾರಿ ಇರುತ್ತದೆ, ಸಿಬ್ಬಂದಿಗೆ ಹೇಳಿದರೆ ತೋರಿಸುತ್ತಾರೆ. ವೇಷದ ಪಾತ್ರಗಳ ಹತ್ತಿರವೂ ಅಷ್ಟೇ, ದೂರದಿಂದಲೇ ಕೈ ಬೀಸಲಿ. ಫೋಟೊಗೋಸ್ಕರ ಅಳುವ ಮಗುವನ್ನು ಆ ದೊಡ್ಡ ತಲೆಯ ತೊಡೆ ಮೇಲೆ ಕೂರಿಸುವುದು ಯಾರಿಗೂ ಚಂದವಲ್ಲ.

ಅಂಗಡಿ ಮುಂದಿನ ಹಠಕ್ಕೆ ಮದ್ದು ಮನೆಯಲ್ಲೇ ಆಗಬೇಕು. "ಒಂದು ಆಟಿಕೆ, ಹೊರಡುವ ಮುಂಚೆ, ನೀನೇ ಆರಿಸು" ಅಂತ ಒಪ್ಪಂದ ಮಾಡಿಕೊಳ್ಳಿ. ದಾರಿಯಲ್ಲಿ ಕಂಡದ್ದನ್ನೆಲ್ಲ ಮಗುವಿನಿಂದಲೇ ತೋರಿಸಿ ಫೋನಿನಲ್ಲಿ ಫೋಟೊ ತೆಗೆಯಿರಿ, ಸಂಜೆ ಆ ಫೋಟೊಗಳಲ್ಲಿ ಒಂದನ್ನು ಆರಿಸಲಿ. ಬಿಟ್ಟಿ ಸಿಗುವುದನ್ನೂ ಕೇಳಿ ಪಡೆಯಿರಿ. ಡಿಸ್ನಿ ವರ್ಲ್ಡ್‌ನಲ್ಲಿ ಮೊದಲ ಸಲ ಬಂದವರಿಗೆ, ಹುಟ್ಟುಹಬ್ಬದವರಿಗೆ ಎದೆಗೆ ಚುಚ್ಚಿಕೊಳ್ಳುವ ಬ್ಯಾಡ್ಜ್ ಉಚಿತ.

ಅಷ್ಟಾದರೂ ರಂಪ ಆದರೆ ಮೊದಲು ನೀರು, ಆಮೇಲೆ ನೆರಳು, ಆಮೇಲೆ ತಿಂಡಿ. ಬುದ್ಧಿ ಹೇಳುವುದು ಕೊನೆಗೆ.

ಮಗು ಕಣ್ತಪ್ಪಿದರೆ

ಇದನ್ನು ಹೋಟೆಲಿನಲ್ಲೇ ಕೂತು ಮಾತಾಡಿಕೊಳ್ಳಿ. ಬೆಳಗ್ಗೆ ಹೊರಡುವ ಮುಂಚೆ ಮಗುವಿನದೊಂದು ಫೋಟೊ ತೆಗೆಯಿರಿ, ತಲೆಯಿಂದ ಕಾಲಿನವರೆಗೆ, ಆ ದಿನದ ಬಟ್ಟೆ ಚಪ್ಪಲಿ ಕಾಣುವ ಹಾಗೆ. ಗಾಬರಿಯಲ್ಲಿ ಮಗು ಯಾವ ಬಣ್ಣದ ಅಂಗಿ ಹಾಕಿತ್ತು ಅನ್ನುವುದು ನೆನಪಿಗೆ ಬರುವುದಿಲ್ಲ. ಕೈಗೆ ಕಟ್ಟುವ ಪಟ್ಟಿಯ ಒಳಬದಿಯಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಬೇರೆ ದೇಶವಾದರೆ ದೇಶದ ಕೋಡ್ ಸೇರಿಸಿ.

ಒಳಗೆ ಹೋದ ಮೇಲೆ ಸಿಬ್ಬಂದಿ ಹಾಕುವ ಹೆಸರಿನ ಬಿಲ್ಲೆಯನ್ನು ಮಗುವಿಗೆ ತೋರಿಸಿ. "ನಾವು ಕಾಣಿಸದಿದ್ದರೆ ಈ ಬಿಲ್ಲೆ ಇರುವವರ ಹತ್ತಿರ ಹೋಗು, ಗೇಟಿನ ಕಡೆ ಹೋಗಬೇಡ" ಅನ್ನಿ. ಎರಡು ಮೂರು ಸಲ ಆಟದ ಥರ ಕೇಳಿ, "ಬಿಲ್ಲೆ ಯಾರ ಹತ್ತಿರ ಇದೆ, ತೋರಿಸು ನೋಡೋಣ" ಅಂತ.

ಮಗು ಕಾಣಿಸಲಿಲ್ಲ ಅಂದರೆ ಹೆಸರು ಕೂಗುತ್ತಾ ಓಡಬೇಡಿ. ಹೆಸರು ಕೇಳಿದವರಿಗೆ ಯಾರನ್ನು ಹುಡುಕಬೇಕು ಅಂತ ಗೊತ್ತಾಗುವುದಿಲ್ಲ. "ಹಳದಿ ಅಂಗಿ, ನೀಲಿ ಚಡ್ಡಿ, ಮೂರು ವರ್ಷದ ಹುಡುಗ" ಅಂತ ಜೋರಾಗಿ ಕೂಗಿ, ಸುತ್ತಲಿನ ಐವತ್ತು ಜನ ತಲೆ ತಿರುಗಿಸಿ ನೋಡುತ್ತಾರೆ. ಒಬ್ಬರು ಮಗು ಕೊನೆಯ ಸಲ ಕಂಡ ಜಾಗದಲ್ಲೇ ನಿಲ್ಲಿ, ಇನ್ನೊಬ್ಬರು ತಕ್ಷಣ ಹತ್ತಿರದ ಸಿಬ್ಬಂದಿಗೆ ಹೇಳಿ. ಪಕ್ಕದಲ್ಲಿ ಕೊಳ, ಕಾರಂಜಿ ಇದ್ದರೆ ಮೊದಲು ಅತ್ತ ನೋಡಿ. ಹೇಳುವುದಕ್ಕೆ ಸಂಕೋಚಪಟ್ಟು ಹತ್ತು ನಿಮಿಷ ತಾವೇ ಹುಡುಕುವವರಿದ್ದಾರೆ, ಅದು ಬೇಡ. ಸಿಬ್ಬಂದಿಗೆ ಇದು ದಿನನಿತ್ಯದ ಕೆಲಸ, ಏನು ಮಾಡಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹೊರಡುವುದು

ರಾತ್ರಿಯ ಪಟಾಕಿ ಪ್ರದರ್ಶನ ನೋಡಲೇಬೇಕು ಅಂತಿಲ್ಲ. ಮುಗಿದ ಮರುಕ್ಷಣ ಸಾವಿರಾರು ಜನ ಒಂದೇ ಗೇಟಿಗೆ ನುಗ್ಗುತ್ತಾರೆ, ಬಸ್ಸಿಗೂ ಕ್ಯೂ, ಪಾರ್ಕಿಂಗಿನಲ್ಲೂ ಕ್ಯೂ. ನೋಡುವ ಆಸೆ ಇದ್ದರೆ ಗೇಟಿನ ಹತ್ತಿರ, ಗುಂಪಿನ ಹಿಂಬದಿಯಲ್ಲಿ ನಿಂತು ನೋಡಿ. ಮಗುವಿಗೆ ಇಯರ್‌ಮಫ್ ಹಾಕಿಸಿ, ಮೊದಲ ಐದು ನಿಮಿಷ ನೋಡಿ ಹೊರಟುಬಿಡಿ. ಹೊರಗೆ ಬಂದ ಮೇಲೂ ಆಕಾಶದಲ್ಲಿ ಉಳಿದದ್ದು ಕಾಣುತ್ತದೆ.

ಗೇಟಿಗೆ ಬರುವ ಮುಂಚೆ ಟಾಯ್ಲೆಟ್‌ನಲ್ಲಿ ಡೈಪರ್ ಬದಲಿಸಿ, ರಾತ್ರಿ ಬಟ್ಟೆ ಹಾಕಿಬಿಡಿ. ದಾರಿಯಲ್ಲಿ ನಿದ್ದೆ ಹೋದರೆ ರೂಮಿನಲ್ಲಿ ಮತ್ತೆ ಎಬ್ಬಿಸಬೇಕಾಗಿಲ್ಲ. ಕಾರು ನಿಲ್ಲಿಸಿದ ಸಾಲಿನ ನಂಬರ್ ಬೆಳಗ್ಗೆಯೇ ಫೋಟೊ ತೆಗೆದುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಗಾಡಿ ಹತ್ತುವ ಮುಂಚೆ ಟೋಪಿ, ಬಾಟಲಿ, ಗೊಂಬೆ ಮೂರೂ ಇವೆಯಾ ನೋಡಿ. ಗೊಂಬೆ ಕಾಣಿಸದಿದ್ದರೆ ಆಗಲೇ ಗೆಸ್ಟ್ ಸರ್ವಿಸ್ ಕೌಂಟರಿನಲ್ಲಿ ಬರೆಸಿ, ಇಲ್ಲವೇ ಪಾರ್ಕಿನ ವೆಬ್‌ಸೈಟಿನಲ್ಲಿ ಕಳೆದುಹೋದ ವಸ್ತುಗಳ ಫಾರಂ ತುಂಬಿ. ಗೊಂಬೆಯ ಫೋಟೊ ಇದ್ದರೆ ಅದನ್ನೂ ಹಾಕಿ, ಬೆಳಗ್ಗೆ ಮಗುವಿನದು ತೆಗೆಯುವಾಗ ಗೊಂಬೆಯನ್ನೂ ಕೈಗೆ ಕೊಟ್ಟಿದ್ದರೆ ಅದೇ ಸಾಕು.